ರೋಗಿ ಬಯಸಿದ್ದು, ವೈದ್ಯ ಹೇಳಿದ್ದು

'ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ' ಎಂಬ ಗಾದೆಯನ್ನು ನಾವೆಲ್ಲ ಧಾರಾಳವಾಗಿ ಬಳಸುತ್ತೇವೆ. ಮದುವೆಯ ಮಾತುಕತೆ ಕುದುರಿದಾಗ, ಬೇಕಾದ ಊರಿಗೇ ವರ್ಗಾವಣೆ ಸಿಕ್ಕಿದಾಗ, ಎರಡು ಪಕ್ಷಗಳು ಕೈ ಕುಲುಕಿದಾಗ ಅದು ತಾನಾಗಿಯೇ ನಾಲಿಗೆಗೆ ಬರುತ್ತದೆ. ಆದರೆ ಗಾದೆಯನ್ನು ಅದು ಹುಟ್ಟಿದ ಜಾಗಕ್ಕೆ, ಅಂದರೆ ರೋಗಿಯ ಹಾಸಿಗೆಯ ಬಳಿಗೆ ಕೊಂಡೊಯ್ದು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಅಲ್ಲಿ ಇಬ್ಬರ ನಡುವೆ ಮಾತುಕತೆಯೇ ನಡೆದಿಲ್ಲ. ರೋಗಿ ಮನಸ್ಸಿನಲ್ಲೇ ಬಯಸಿದ, ವೈದ್ಯ ಬಾಯಿಬಿಟ್ಟು ಹೇಳಿದ. ಎರಡೂ ಒಂದೇ ಆದದ್ದು ರೋಗಿಯ ಅದೃಷ್ಟ. ವೈದ್ಯ ಗಂಜಿ ಎಂದಿದ್ದರೆ ಆತ ಗಂಜಿಯನ್ನೇ ಕುಡಿಯಬೇಕಿತ್ತು. ಬಯಸುವುದು ರೋಗಿಯ ಪಾಲು, ಹೇಳುವುದು ವೈದ್ಯನ ಪಾಲು ಎಂಬ ವಿಂಗಡಣೆಯನ್ನು ಗಾದೆ ಪ್ರಶ್ನಿಸುವುದಿಲ್ಲ. ನಾವೂ ಪ್ರಶ್ನಿಸಿಲ್ಲ.

ವೈದ್ಯಲೋಕವೇ ಈಗ ಈ ವಿಂಗಡಣೆಯನ್ನು ಪ್ರಶ್ನಿಸುತ್ತಿದೆ. ವೈದ್ಯ ಮತ್ತು ರೋಗಿ ಕೂಡಿ ತೀರ್ಮಾನಿಸಬೇಕು ಎಂಬ ವಿಚಾರವನ್ನು 1982ರಲ್ಲಿ ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ಆಯೋಗವೊಂದು ಸ್ಪಷ್ಟ ಮಾತುಗಳಲ್ಲಿ ಮುಂದಿಟ್ಟಿತು. ಅದರ ತಿರುಳು ಸರಳ. ಕಾಯಿಲೆಯ ಬಗ್ಗೆ ವೈದ್ಯರಿಗೆ ಗೊತ್ತು. ಬದುಕಿನ ಬಗ್ಗೆ ರೋಗಿಗೆ ಗೊತ್ತು. ಮಂಡಿ ನೋವಿಗೆ ಕೀಲು ಬದಲಿಸಬಹುದು, ವ್ಯಾಯಾಮ ಮತ್ತು ಮಾತ್ರೆಯಲ್ಲಿ ಕೆಲವು ಕಾಲ ತಳ್ಳಲೂಬಹುದು. ಗರ್ಭಕೋಶದ ಗಡ್ಡೆಗೆ ಆಪರೇಷನ್ ಮಾಡಿಸಬಹುದು, ತೊಂದರೆ ಕೊಡದಿದ್ದರೆ ಕಾದು ನೋಡಲೂಬಹುದು. ಹೀಗೆ ಒಂದಕ್ಕಿಂತ ಹೆಚ್ಚು ದಾರಿ ಇರುವಲ್ಲಿ ಯಾವುದು ಸರಿ ಎಂಬುದನ್ನು ಸ್ಕ್ಯಾನಿಂಗ್ ವರದಿಯೊಂದೇ ಹೇಳಲಾರದು. ಕಾರವಾರದ ಬೈತಖೋಲದಲ್ಲಿ ಮೀನಿನ ಬುಟ್ಟಿ ಹೊರುವ ಹೆಂಗಸಿಗೂ ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರಿಗೂ ಮೂರು ತಿಂಗಳ ವಿಶ್ರಾಂತಿ ಎಂದರೆ ಒಂದೇ ಅರ್ಥವಲ್ಲ.

ಯಾರೂ ಓದದ ಒಂದು ಕೃತಿ

ನಾವು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವ ಕೃತಿಗೆ ಲೇಖಕನಿಲ್ಲ, ಪ್ರಕಾಶಕನಿಲ್ಲ. ಆದರೂ ಬಹಳಷ್ಟು ಮಂದಿ ಅದರ ಕೆಳಗೆ ಹೆಸರು ಬರೆದಿದ್ದಾರೆ. ಅದು ಆಸ್ಪತ್ರೆಯ ಒಪ್ಪಿಗೆ ಪತ್ರ. ಆಪರೇಷನ್ನಿಗೆ ಮುಂಚೆ ನರ್ಸಮ್ಮ ತಂದು ಕೊಡುವ, 'ಇಲ್ಲಿ, ಇಲ್ಲಿ ಮತ್ತು ಇಲ್ಲಿ' ಎಂದು ಬೆರಳಿಟ್ಟು ತೋರಿಸುವ ಆ ಹಾಳೆಯನ್ನು ಒಂದು ಗದ್ಯವಾಗಿ ಓದಿ ನೋಡಬೇಕು.

ಸಾಮಾನ್ಯವಾಗಿ ಅದರ ಒಕ್ಕಣೆ ಹೀಗಿರುತ್ತದೆ. ಚಿಕಿತ್ಸೆಯ ಸಾಧಕ ಬಾಧಕಗಳನ್ನು ನನಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ. ನಾನು ಸ್ವಂತ ಇಚ್ಛೆಯಿಂದ ಒಪ್ಪಿರುತ್ತೇನೆ. ಮುಂದೆ ಏನಾದರೂ ಅನಾಹುತವಾದಲ್ಲಿ ವೈದ್ಯರಾಗಲೀ ಆಸ್ಪತ್ರೆಯಾಗಲೀ ಹೊಣೆಯಲ್ಲ. ಇದರ ವ್ಯಾಕರಣವನ್ನು ಗಮನಿಸಿ. 'ವಿವರಿಸಲಾಗಿದೆ' ಎಂಬ ಕ್ರಿಯಾಪದಕ್ಕೆ ಕರ್ತೃವಿಲ್ಲ. ಯಾರು ವಿವರಿಸಿದರು? ಯಾವಾಗ? ಎಷ್ಟು ಹೊತ್ತು? ಪತ್ರ ಹೇಳುವುದಿಲ್ಲ. 'ಅರ್ಥವಾಗುವ ಭಾಷೆಯಲ್ಲಿ' ಎಂಬ ಮಾತು ಭಾಷೆ ಯಾವುದೆಂದು ಗೊತ್ತಾಗುವ ಮೊದಲೇ ಅಚ್ಚಾಗಿ ಬಂದಿದೆ. ರೋಗಿ ಯಾರೆಂದು ತಿಳಿಯುವ ಮುಂಚೆಯೇ ಆತನಿಗೆ ಅರ್ಥವಾಗಿದೆ ಎಂದು ಮುದ್ರಣಾಲಯ ತೀರ್ಮಾನಿಸಿಬಿಟ್ಟಿದೆ. ಇಡೀ ಪತ್ರದಲ್ಲಿ 'ನಾನು' ಎಂದು ಮಾತಾಡುವುದು ರೋಗಿ. ಆದರೆ ಅದರಲ್ಲಿ ಒಂದು ಮಾತೂ ಆತನದಲ್ಲ.

ಕೊನೆಯ ವಾಕ್ಯದ ಬಗ್ಗೆ ಓದುಗರು ಒಂದು ವಿಷಯ ತಿಳಿದಿರಬೇಕು. ಆಸ್ಪತ್ರೆ ಹೊಣೆಯಲ್ಲ ಎಂದು ಬರೆಸಿಕೊಂಡ ಮಾತ್ರಕ್ಕೆ ನಿರ್ಲಕ್ಷ್ಯದ ಹೊಣೆ ಕಳಚಿಕೊಳ್ಳುವುದಿಲ್ಲ. ಹಾಗಿದ್ದರೂ ಆ ವಾಕ್ಯ ಅಲ್ಲಿದೆ. ಏಕೆಂದರೆ ಇಂತಹ ಪತ್ರಗಳು ಮೊದಲಿನಿಂದಲೂ ಚಿಕಿತ್ಸೆ ಮಾಡುವವನ ರಕ್ಷಣೆಗಾಗಿ ಬರೆದವು. ಉಸ್ಮಾನೀ ತುರ್ಕರ ಕಾಲದ ಖಾಝಿ ನ್ಯಾಯಾಲಯಗಳ ದಾಖಲೆ ಪುಸ್ತಕಗಳಲ್ಲಿ 16, 17ನೇ ಶತಮಾನದ ಇಂತಹ ಒಪ್ಪಿಗೆಗಳು ಸಿಗುತ್ತವೆ. ಮೂತ್ರಕೋಶದ ಕಲ್ಲು ತೆಗೆಸಿಕೊಳ್ಳುವ ರೋಗಿ ಶಸ್ತ್ರವೈದ್ಯನೊಂದಿಗೆ ಖಾಝಿಯ ಮುಂದೆ ಬಂದು, ತಾನು ಸತ್ತರೆ ಈತನ ಮೇಲೆ ದಾವೆ ಹೂಡಬಾರದು ಎಂದು ಬರೆಸುತ್ತಿದ್ದ. ಅದು ಕೂಡ ವೈದ್ಯನ ರಕ್ಷಣೆಯೇ. ಆದರೆ ಅಲ್ಲಿ ಇಬ್ಬರೂ ಮೂರನೆಯವರೊಬ್ಬರ ಎದುರು ನಿಂತು ಬಾಯಿಬಿಟ್ಟು ಮಾತಾಡಬೇಕಿತ್ತು. ನಮ್ಮ ಹಾಳೆಯಲ್ಲಿ ಆ ಮಾತು ಹೋಗಿ ಸಹಿ ಮಾತ್ರ ಉಳಿದಿದೆ.

ನಮ್ಮ ಸುಪ್ರೀಂ ಕೋರ್ಟು ಈ ವಿಷಯದಲ್ಲಿ 2008ರ ಜನವರಿ 16ರಂದು ಮಹತ್ವದ ತೀರ್ಪು ನೀಡಿತು. ಸಮೀರಾ ಕೊಹ್ಲಿ ಪ್ರಕರಣವೆಂದು ಅದು ಪ್ರಸಿದ್ಧ. 1995ರಲ್ಲಿ ದಿಲ್ಲಿಯಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ರಕ್ತಸ್ರಾವದ ಕಾರಣ ತಿಳಿಯಲು ಪರೀಕ್ಷೆಗೆಂದು ಹೋಗಿ ಅರಿವಳಿಕೆಗೆ ಒಳಗಾದರು. ಅವರು ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯಲಾಯಿತು. ಜೀವಕ್ಕೆ ಅಪಾಯವಿಲ್ಲದಿದ್ದಾಗ, ಎಚ್ಚರಾದ ಮೇಲೆ ಅವರನ್ನೇ ಕೇಳಬಹುದಾಗಿದ್ದಾಗ, ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ನ್ಯಾಯಾಲಯ ಹೇಳಿತು. ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಚಿಕಿತ್ಸೆಯ ಸ್ವರೂಪ, ಉದ್ದೇಶ, ಬೇರೆ ದಾರಿಗಳು, ಅಪಾಯ, ಬೇಡವೆಂದರೆ ಆಗುವ ಪರಿಣಾಮ ಇಷ್ಟನ್ನು ಹೇಳಿಯೇ ಒಪ್ಪಿಗೆ ಪಡೆಯಬೇಕೆಂದು ತೀರ್ಪು ವಿಧಿಸಿತು.

ಈ ತೀರ್ಪನ್ನು ಗೌರವಿಸುತ್ತಲೇ ಒಂದು ಅಸಮಾಧಾನವನ್ನು ಹೇಳಬೇಕಾಗಿದೆ. ಎಷ್ಟು ವಿವರ ಹೇಳಬೇಕು ಎಂಬುದನ್ನು ರೋಗಿಯ ಅಗತ್ಯದಿಂದ ಅಳೆಯಬೇಕೋ ವೈದ್ಯರ ರೂಢಿಯಿಂದ ಅಳೆಯಬೇಕೋ ಎಂಬ ಪ್ರಶ್ನೆ ಬಂದಾಗ ನ್ಯಾಯಾಲಯ ಎರಡನೆಯದರತ್ತ ವಾಲಿತು. ನಮ್ಮಲ್ಲಿನ ಬಡತನ, ಸರ್ಕಾರಿ ಆಸ್ಪತ್ರೆಗಳ ಒತ್ತಡ, ವೈದ್ಯರ ಮೇಲೆ ಜನರಿಗಿರುವ ನಂಬಿಕೆ ಇವು ಅದಕ್ಕೆ ಕೊಟ್ಟ ಕಾರಣಗಳು. ಬ್ರಿಟನ್ನಿನ ಸುಪ್ರೀಂ ಕೋರ್ಟು 2015ರಲ್ಲಿ ಮಾಂಟ್ಗೊಮರಿ ಪ್ರಕರಣದಲ್ಲಿ ಇದಕ್ಕೆ ವಿರುದ್ಧ ದಿಕ್ಕಿಗೆ ತಿರುಗಿತು. ಮಧುಮೇಹವಿದ್ದ ಗರ್ಭಿಣಿಗೆ ಸಹಜ ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಅಪಾಯವನ್ನು ವೈದ್ಯರು ಹೇಳಿರಲಿಲ್ಲ; ಮಗು ಅಂಗವೈಕಲ್ಯದೊಂದಿಗೆ ಹುಟ್ಟಿತು. ಆ ತಾಯಿಯ ಸ್ಥಾನದಲ್ಲಿರುವವರಿಗೆ ಏನು ಮುಖ್ಯವೋ ಅದನ್ನು ಹೇಳಲೇಬೇಕು ಎಂದು ಅಲ್ಲಿನ ನ್ಯಾಯಾಲಯ ತೀರ್ಮಾನಿಸಿತು. ನಾವು ಕೇಳುವುದು ಇಷ್ಟೇ. ಬಡವರಿಗೆ ಕಡಿಮೆ ಹೇಳಿದರೆ ಸಾಕೇ? ತಪ್ಪು ಆಪರೇಷನ್ನಿಗೆ ಸಾಲ ಮಾಡಿದವರು ಅದನ್ನು ತೀರಿಸುವುದು ವರ್ಷಗಟ್ಟಲೆ ಕೂಲಿ ಮಾಡಿ. ಹೆಚ್ಚು ವಿವರ ಬೇಕಾಗಿರುವುದು ಅವರಿಗೇ ಅಲ್ಲವೇ? 2015ರಲ್ಲಿ ಕಲಬುರಗಿಯ ಲಂಬಾಣಿ ಮತ್ತು ದಲಿತ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಆರೋಪಗಳು ಎದ್ದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಆಗಿತ್ತು.

ತೀರ್ಮಾನ ನಡೆಯುವುದು ಎಲ್ಲಿ?

ವೈದ್ಯರೂ ರೋಗಿಯೂ ಕೂಡಿ ತೀರ್ಮಾನಿಸಬೇಕೆಂಬ ಪಾಶ್ಚಾತ್ಯ ಚರ್ಚೆ ಒಂದನ್ನು ಮೊದಲೇ ಒಪ್ಪಿಕೊಂಡಿರುತ್ತದೆ. ಅದೇನೆಂದರೆ ಇಬ್ಬರೂ ಒಂದು ಕೋಣೆಯಲ್ಲಿ ಎದುರುಬದುರು ಕುಳಿತಿದ್ದಾರೆ ಎಂಬುದು. ಕಾರವಾರ, ಅಂಕೋಲೆಯವರಿಗೆ ಈ ಕೋಣೆಯೇ ಕಷ್ಟದಲ್ಲಿ ಸಿಗುತ್ತದೆ. 2016ರಲ್ಲಿ ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು ದೊಡ್ಡ ಸಮಾಧಾನವೇ. ಆದರೂ ಹೃದಯ, ಮೆದುಳು, ದೊಡ್ಡ ಅಪಘಾತಗಳ ವಿಷಯ ಬಂದಾಗ ಉತ್ತರ ಕನ್ನಡದವರು ದಾರಿ ಹಿಡಿಯುವುದು ವಾಡಿಕೆಯಾಗಿದೆ. ಉತ್ತರಕ್ಕೆ ಸುಮಾರು 100 ಕಿ.ಮೀ. ದೂರದ ಗೋವಾದ ಬಾಂಬೋಳಿ, ದಕ್ಷಿಣಕ್ಕೆ ಸುಮಾರು 200 ಕಿ.ಮೀ. ದೂರದ ಮಣಿಪಾಲ, ಅದರಾಚೆ ಮಂಗಳೂರು, ಇಲ್ಲವೇ ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ.

ಈ ದಾರಿಗಳೂ ನೆಚ್ಚುವಂತಿಲ್ಲ. ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆ 2018ರ ಜನವರಿಯಿಂದ ಹೊರರಾಜ್ಯದವರಿಗೆ ಶುಲ್ಕ ವಿಧಿಸಲು ಆರಂಭಿಸಿತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತರು. 'ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ' ಎಂಬ ಕೂಗು ಜಿಲ್ಲೆಯಲ್ಲಿ ಜೋರಾದದ್ದು ಆಗ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತು.

ಇಂತಹ ಕಡೆ ರೋಗಿಯ ಪಾಲಿನ ಅತಿ ದೊಡ್ಡ ತೀರ್ಮಾನ ಯಾವ ಔಷಧ ಎಂಬುದಲ್ಲ, ಯಾವ ಊರು ಎಂಬುದು. ಅದು ನಡೆಯುವುದು ವೈದ್ಯರ ಕೋಣೆಯಲ್ಲಲ್ಲ. ಆಂಬ್ಯುಲೆನ್ಸಿನ ಬಾಗಿಲ ಬಳಿ, ಮೊಬೈಲು ಕಿವಿಗಿಟ್ಟುಕೊಂಡ ನಾಲ್ಕು ಜನ ಅದನ್ನು ತೀರ್ಮಾನಿಸುತ್ತಾರೆ. ಒಬ್ಬರು ಮಣಿಪಾಲ ಎನ್ನುತ್ತಾರೆ. ಮತ್ತೊಬ್ಬರಿಗೆ ಹುಬ್ಬಳ್ಳಿಯಲ್ಲಿ ನೆಂಟರಿದ್ದಾರೆ. ಮೂರನೆಯವರು ಆಯುಷ್ಮಾನ್ ಕಾರ್ಡು ಎಲ್ಲಿ ನಡೆಯುತ್ತದೆಂದು ಕೇಳುತ್ತಾರೆ. ಕೈಯಲ್ಲಿರುವ ರೆಫರ್ ಚೀಟಿಯಲ್ಲಿ ಇರುವುದು 'ಹೆಚ್ಚಿನ ಚಿಕಿತ್ಸೆಗಾಗಿ' ಎಂಬ ಎರಡು ಪದ. ಏಕೆ ಕಳುಹಿಸುತ್ತಿದ್ದೇವೆ, ಎಷ್ಟು ಹೊತ್ತಿನೊಳಗೆ ತಲುಪಬೇಕು, ಅಲ್ಲಿ ಏನು ಮಾಡಬಹುದು, ಹೋದರೂ ಪ್ರಯೋಜನ ಅಲ್ಪವಾಗಿದ್ದರೆ ಇಲ್ಲೇ ಏನು ಮಾಡಬಹುದು ಎಂಬುದನ್ನು ಬಲ್ಲ ಒಬ್ಬರೇ ವ್ಯಕ್ತಿ, ಅಂದರೆ ಕಳುಹಿಸುವ ವೈದ್ಯರು, ಆ ಮಾತುಕತೆಯಲ್ಲಿ ಇರುವುದಿಲ್ಲ. ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಬೇಡಿಕೆ ನ್ಯಾಯವಾದದ್ದು. ಆದರೆ ಹತ್ತು ನಿಮಿಷ ನಿಂತು ಮಾತಾಡಲು, ಚೀಟಿಯಲ್ಲಿ ಐದು ಸಾಲು ಹೆಚ್ಚಿಗೆ ಬರೆಯಲು ದೊಡ್ಡ ಕಟ್ಟಡ ಬೇಕಿಲ್ಲ.

ರೋಗಿಯೂ ರೋಗಿಯ ಕಡೆಯವರೂ

ಎಲ್ಲ ತಪ್ಪನ್ನೂ ಆಸ್ಪತ್ರೆಯ ಮೇಲೆ ಹೊರಿಸಿ ಕೈ ತೊಳೆದುಕೊಂಡರೆ ಅದು ಪ್ರಾಮಾಣಿಕ ವಿಮರ್ಶೆ ಆಗದು. ವಾರ್ಡಿನಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ 'ರೋಗಿಯ ಕಡೆಯವರು ಯಾರು?' ಎಂಬುದು. ಕೂಡಲೇ ಮಗನೋ ಗಂಡನೋ ಮಾವನೋ ಮುಂದೆ ಬರುತ್ತಾರೆ. ಮಾತು ಅವರೊಂದಿಗೆ ನಡೆಯುತ್ತದೆ, ಸಹಿಯೂ ಅವರದೇ. ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುವವರು ಕೇಳಿಸಿಕೊಳ್ಳುತ್ತಾರೆ. ಕ್ಯಾನ್ಸರ್ ಆದರಂತೂ 'ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ' ಎಂದು ಮಕ್ಕಳೇ ಕೈಮುಗಿಯುತ್ತಾರೆ. ಅದರ ಹಿಂದೆ ಪ್ರೀತಿ ಇದೆ, ಸಂಶಯವಿಲ್ಲ. ಆದರೆ ಆ ಪ್ರೀತಿ ಅಮ್ಮನಿಂದ ಕೊನೆಯ ಮಾತುಗಳನ್ನು ಆಡುವ ಅವಕಾಶವನ್ನೂ ಕಿತ್ತುಕೊಳ್ಳುತ್ತದೆ. ಯಾರಿಗೆ ಏನು ಕೊಡಬೇಕು, ಯಾರಲ್ಲಿ ಕ್ಷಮೆ ಕೇಳಬೇಕು, ಎಲ್ಲಿ ಸಾಯಬೇಕು ಎಂಬುದು ಅವಳ ತೀರ್ಮಾನಗಳು.

ಕುಟುಂಬ ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮ ಕಡೆ ರೋಗಿಗೆ ಊಟ ತರುವವರು, ರಕ್ತ ಕೊಡುವವರು, ಚಿನ್ನ ಅಡವಿಡುವವರು ಕುಟುಂಬದವರೇ. ಸಮಾಲೋಚನೆ ನಮ್ಮ ಎಲ್ಲ ಸಮುದಾಯಗಳಿಗೂ ಹೊಸತೇನಲ್ಲ. ಆದರೆ ಸಮಾಲೋಚನೆ ಎಂದರೆ ರೋಗಿಯ ಜೊತೆ ಕೂತು ಯೋಚಿಸುವುದು, ರೋಗಿಯನ್ನು ಬಿಟ್ಟು ಯೋಚಿಸುವುದಲ್ಲ.

ಹೆಣ್ಣಿನ ವಿಷಯದಲ್ಲಿ ಈ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆಯನ್ನು ನೆನಪಿಸಿಕೊಳ್ಳೋಣ. ಗಿರೀಶ ಕಾಸರವಳ್ಳಿಯವರ 'ಹಸೀನಾ' ಚಿತ್ರಕ್ಕೆ ಆಧಾರವಾದ ಕತೆ ಅದು. ಗಂಡನಿಂದ ಕೈಬಿಡಲ್ಪಟ್ಟ ಹೆಣ್ಣೊಬ್ಬಳು ನ್ಯಾಯ ಕೇಳುವುದು ಅದರ ಮುಖ್ಯ ಎಳೆ. ಓದುಗರು ಹೆಚ್ಚು ಗಮನಿಸದ ಇನ್ನೊಂದು ಎಳೆಯಲ್ಲಿ ಮುತವಲ್ಲಿಯ ಹೆಂಡತಿ, ಹೆತ್ತು ಹೆತ್ತು ಸೋತವಳು, ಕೊನೆಗೆ ಆಪರೇಷನ್ ಮಾಡಿಸಿಕೊಳ್ಳಲು ತಾನೇ ಹೊರಡುತ್ತಾಳೆ. ತನ್ನ ದೇಹದ ಬಗ್ಗೆ ಅವಳೇ ತೆಗೆದುಕೊಂಡ ತೀರ್ಮಾನವದು. ಕಾನೂನು ಅವಳ ಪರವಾಗಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಗಂಡನ ಒಪ್ಪಿಗೆ ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರದ 2006ರ ಮಾನದಂಡಗಳು ಹೇಳುತ್ತವೆ. 1971ರ ಗರ್ಭಪಾತ ಕಾನೂನಿನ ಪ್ರಕಾರವೂ ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಸಾಕು. ಆದರೆ 'ಯಜಮಾನರನ್ನು ಕರಕೊಂಡು ಬನ್ನಿ' ಎಂಬ ಮಾತು ಇನ್ನೂ ಕೇಳಿಬರುತ್ತದೆ. ಗೋಡೆಯ ಈಚೆ ಗಂಡ, ಆಚೆ ಆಸ್ಪತ್ರೆ. ಇಬ್ಬರೂ ಒಂದೇ ಸಹಿಯನ್ನು ಕೇಳುತ್ತಾರೆ.

ಬಚ್ಚಿಟ್ಟ ಮಾತುಗಳು

ರೋಗಿ ಬಾಯಿ ಬಿಡದಿರಲು ಇನ್ನೊಂದು ಕಾರಣ ಭಾಷೆ. ಕಾರವಾರದ ಹಾಸಿಗೆಯಲ್ಲಿ ನೋವು ಹೆಚ್ಚಾಗಿ ಕೊಂಕಣಿಯಲ್ಲಿ ನರಳುತ್ತದೆ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕನ್ನಡ ಮೈಸೂರಿನಿಂದ ಬಂದ ಕಿರಿಯ ವೈದ್ಯರಿಗೆ ಬೇರೆ ಭಾಷೆಯಂತೆಯೇ ಕೇಳುತ್ತದೆ. ಮರಾಠಿ, ಉರ್ದು, ಭಟ್ಕಳದ ಕಡೆಯ ನವಾಯತಿ ಬೇರೆ. 'ಎದೆ ಉರಿ', 'ಸಂಕಟ', 'ಉಬ್ಬಸ' ಇವುಗಳಲ್ಲಿ ಯಾವುದು ಹೃದಯದ್ದು, ಯಾವುದು ಹೊಟ್ಟೆಯದ್ದು ಎಂಬುದು ಭಾಷೆಯೊಳಗಿದ್ದವರಿಗೇ ಗೊತ್ತು. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ಅವರು 'ತಾಯಿ ಮಗು'ವಿನಂತಹ ಪುಸ್ತಕಗಳ ಮೂಲಕ ದೇಹದ ವಿಚಾರವನ್ನು ಸಂಕೋಚವಿಲ್ಲದ ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದರು. ಪುಸ್ತಕದಲ್ಲಿ ಸಾಧ್ಯವಾದದ್ದು ವಾರ್ಡಿನಲ್ಲಿ ಏಕೆ ಅಸಾಧ್ಯವಾಗಬೇಕು?

ಎರಡನೆಯ ಕಾರಣ ಬೈಗುಳದ ಭಯ. ಅಂಕೋಲೆಯ ಬೆಳಂಬಾರ ಪಾರ್ಶ್ವವಾಯುವಿನ ನಾಟಿ ಔಷಧಕ್ಕೆ ಹೆಸರಾದ ಊರು. ದೂರದ ಊರುಗಳಿಂದ ಜನ ಅಲ್ಲಿಗೆ ಬರುತ್ತಾರೆ. ಆ ಔಷಧದ ಗುಣದೋಷವನ್ನು ಅಳೆಯುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಆದರೆ ರಕ್ತ ಹೆಪ್ಪುಗಟ್ಟಿ ಆಗುವ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು ಎಂಬುದು ವೈದ್ಯವಿಜ್ಞಾನ ಒಪ್ಪಿದ ಸಂಗತಿ. ಬಾಯಿ ಸೊಟ್ಟಗಾದ ಕ್ಷಣದಲ್ಲಿ ಮೊದಲು ಎಲ್ಲಿಗೆ ಹೋಗಬೇಕೆಂಬ ತೀರ್ಮಾನ ಮನೆಯ ಜಗಲಿಯಲ್ಲಿ ಆಗುತ್ತದೆ. ರೋಗಿಗೆ ಮಾತೇ ಹೊರಡದ ಹೊತ್ತು ಅದು. ನಾಟಿ ಔಷಧ ತೆಗೆದುಕೊಂಡವರು ಆಮೇಲೆ ಆಸ್ಪತ್ರೆಗೆ ಬಂದರೂ ಅದನ್ನು ಹೇಳುವುದಿಲ್ಲ. ಹೇಳಿದರೆ ಗದರಿಸುತ್ತಾರೆ ಎಂಬ ಅಳುಕು. ತಾಲ್ಲೂಕು ಆಸ್ಪತ್ರೆಯ ವೈದ್ಯರೂ ನಾಟಿ ವೈದ್ಯರೂ ವರ್ಷಕ್ಕೊಮ್ಮೆಯಾದರೂ ಒಂದೆಡೆ ಕುಳಿತು, ಮೊದಲ ನಾಲ್ಕು ಗಂಟೆ ಆಸ್ಪತ್ರೆಗೆ, ಮುಂದಿನದು ರೋಗಿಯ ಇಷ್ಟಕ್ಕೆ ಎಂದು ಒಂದೇ ಮಾತನ್ನು ಜನರಿಗೆ ಹೇಳಿದರೆ ಉಳಿಯುವ ಕೈಕಾಲುಗಳೆಷ್ಟೋ!

ರಮಝಾನಿನಲ್ಲಿಯೂ ಇದೇ ಕತೆ. ಮಧುಮೇಹವಿರುವವರಿಗೆ ವೈದ್ಯರು 'ಉಪವಾಸ ಬೇಡ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ರೋಗಿ ತಲೆಯಾಡಿಸಿ ಬಂದು ಉಪವಾಸ ಹಿಡಿಯುತ್ತಾರೆ, ಮಾತ್ರೆಯ ಹೊತ್ತನ್ನು ತಾವೇ ಬದಲಿಸಿಕೊಳ್ಳುತ್ತಾರೆ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಮಾರ್ಗದರ್ಶಿ ರಮಝಾನಿಗೆ ಆರರಿಂದ ಎಂಟು ವಾರ ಮೊದಲೇ ವೈದ್ಯರೂ ರೋಗಿಯೂ ಕುಳಿತು ಅಪಾಯವೆಷ್ಟೆಂದು ಅಳೆಯಬೇಕು, ಔಷಧ ಹೊಂದಿಸಬೇಕು, ಯಾವಾಗ ಉಪವಾಸ ಮುರಿಯಲೇಬೇಕೆಂದು ಮಾತಾಡಿಕೊಳ್ಳಬೇಕು ಎನ್ನುತ್ತದೆ. ಕಾಯಿಲೆಯವರಿಗೆ ಧರ್ಮವೇ ರಿಯಾಯಿತಿ ಕೊಟ್ಟಿದೆ ಎಂಬುದನ್ನು ನೆನಪಿಸಲೂ ಆ ಮಾತುಕತೆಯಲ್ಲಿ ಅವಕಾಶವಿದೆ. ಏಕಾದಶಿ ಹಿಡಿಯುವ ಅಜ್ಜಿಗೂ ಇದು ಅನ್ವಯಿಸುತ್ತದೆ.

ವೈದ್ಯರ ಕಡೆಯಿಂದ ನೋಡಿದರೆ

ವೈದ್ಯರ ಕಷ್ಟವನ್ನು ಕಾಣದೆ ಹೋದರೆ ಈ ಮಾತೆಲ್ಲ ಉಪದೇಶವಾದೀತು. ಹೊರರೋಗಿ ವಿಭಾಗದ ಸಾಲು ಗೇಟಿನವರೆಗೆ ಬೆಳೆದಿರುವಾಗ ಒಬ್ಬೊಬ್ಬರೊಂದಿಗೆ ಹದಿನೈದು ನಿಮಿಷ ಮಾತಾಡಿ ಎಂದರೆ ಹೇಗೆ? ಏನಾದರೂ ಆದರೆ ಗಾಜು ಒಡೆಯುವ ಗುಂಪೂ ಇದೆ. ಅದನ್ನು ತಡೆಯಲು 2009ರಲ್ಲಿ ಕರ್ನಾಟಕ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ತುರ್ತು ಸಂದರ್ಭದಲ್ಲಿ ಚರ್ಚೆಗೆ ಸಮಯವಿರುವುದಿಲ್ಲ, ಇರಬೇಕಾಗಿಯೂ ಇಲ್ಲ. 'ನೀವು ಹೇಳಿದ ಹಾಗೇ ಆಗಲಿ ಡಾಕ್ಟ್ರೇ, ನಿಮ್ಮ ಕೈಗುಣ ದೊಡ್ಡದು' ಎಂದು ಪೂರ್ತಿ ಒಪ್ಪಿಸಿಬಿಡುವ ರೋಗಿಗಳೂ ಇದ್ದಾರೆ. ಕೇಳಿಸಿಕೊಂಡ ಮೇಲೆ ಹಾಗೆ ಒಪ್ಪಿಸುವುದೂ ಒಂದು ತೀರ್ಮಾನವೇ; ಅದನ್ನು ಗೌರವಿಸಬೇಕು. ಆದರೆ ಕೇಳುವ ಮೊದಲೇ 'ಇವರಿಗೇನು ತಿಳಿಯುತ್ತದೆ' ಎಂದುಕೊಳ್ಳುವುದು ಬೇರೆ. ಹೇಳದೆ ಉಳಿಸಿದ ಹತ್ತು ನಿಮಿಷಗಳೇ ಎಷ್ಟೋ ಸಲ ಆಮೇಲೆ ಗಲಾಟೆಯಾಗಿ ಮರಳಿ ಬರುತ್ತವೆ ಎಂಬುದನ್ನು ಅನುಭವಿ ವೈದ್ಯರು ಬಲ್ಲರು.

ಹಕ್ಕುಗಳು ಕಾಗದದಲ್ಲಿ ಇಲ್ಲದಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ 17 ರೋಗಿ ಹಕ್ಕುಗಳ ಸನ್ನದನ್ನು ಸಿದ್ಧಪಡಿಸಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲೂ ರೋಗಿಗಳ ಸನ್ನದು ಸೇರಿತು. 2025ರ ಜನವರಿ 30ರಂದು ರಾಜ್ಯ ಸರ್ಕಾರ ಹೊರಡಿಸಿದ ಆದೇಶವು, ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಯಂತ್ರಗಳಿಂದ ಜೀವ ಎಳೆಯುವುದು ಬೇಡವೆಂದು ಮೊದಲೇ ಬರೆದಿಡುವ ಅವಕಾಶವನ್ನು ಜಾರಿಗೆ ತಂದಿತು. ಸಾಯುವ ಗಳಿಗೆಯ ಬಗ್ಗೆ ರೋಗಿಯ ಮಾತು ನಡೆಯಬೇಕೆಂದು ಒಪ್ಪಿದ ಮೇಲೆ, ಬದುಕುವ ದಿನಗಳ ಬಗ್ಗೆ ನಡೆಯಬಾರದೇ?

ಹಾಗಾದರೆ ಮಾಡಬೇಕಾದ್ದೇನು? ಒಪ್ಪಿಗೆ ಪತ್ರದಲ್ಲಿ 'ವಿವರಿಸಲಾಗಿದೆ' ಎಂಬುದನ್ನು ಅಳಿಸಿ, 'ಇಂಥ ವೈದ್ಯರು ಇಂಥ ಭಾಷೆಯಲ್ಲಿ ವಿವರಿಸಿದರು' ಎಂದು ಹೆಸರು ಮತ್ತು ಸಮಯ ಬರೆಯುವ ಜಾಗ ಬಿಡಲಿ. 'ನಾನು ಕೇಳಿದ ಪ್ರಶ್ನೆಗಳು' ಎಂದು ನಾಲ್ಕು ಖಾಲಿ ಸಾಲು ಇರಲಿ. ಕೊಂಕಣಿ ಬಲ್ಲ ನರ್ಸುಗಳು, ಮನೆಮನೆ ಬಲ್ಲ ಆಶಾ ಕಾರ್ಯಕರ್ತೆಯರು ಈಗಲೂ ಪುಕ್ಕಟೆ ದುಭಾಷಿಗಳೇ. ಆ ಕೆಲಸವನ್ನು ಕೆಲಸವೆಂದು ಗುರುತಿಸಲಿ. ರೆಫರ್ ಚೀಟಿ ಏಕೆ, ಎಲ್ಲಿಗೆ, ಎಷ್ಟು ಬೇಗ ಎಂಬುದನ್ನು ಕನ್ನಡದಲ್ಲಿ ಹೇಳಲಿ. ನಾವು ಓದುಗರು ಮಾಡಬೇಕಾದದ್ದೂ ಇದೆ. ಆಸ್ಪತ್ರೆಗೆ ಹೋದಾಗ ಮೂರೇ ಪ್ರಶ್ನೆ ಕೇಳೋಣ: ಬೇರೆ ದಾರಿ ಇದೆಯೇ? ಪ್ರತಿಯೊಂದರ ಒಳಿತು ಕೆಡುಕೇನು? ಈಗ ಏನೂ ಮಾಡದಿದ್ದರೆ ಏನಾಗುತ್ತದೆ? ಕೇಳುವುದು ಅವಿಶ್ವಾಸವಲ್ಲ. ಮನೆಯವರ ಪರವಾಗಿ ಹೋದಾಗ ಸಹಿ ಹಾಕುವ ಮುನ್ನ ಹಾಸಿಗೆಯ ಕಡೆಗೆ ತಿರುಗಿ, ಮಲಗಿರುವವರನ್ನು ಒಮ್ಮೆ ಕೇಳೋಣ.

ಅವರು ಹಾಲು ಅನ್ನವನ್ನೇ ಕೇಳಬಹುದು. ಅದನ್ನು ಕೊಡಲು ಆಗದೆಯೂ ಇರಬಹುದು. ಆಗ ಏಕೆ ಆಗುವುದಿಲ್ಲವೆಂದು ಅವರ ಭಾಷೆಯಲ್ಲಿ ಹೇಳಬೇಕಾದ ಹೊಣೆ ವೈದ್ಯರದ್ದೂ ಹೌದು, ನಮ್ಮದೂ ಹೌದು.